ಓದಲು ಬಾರದ ಕನ್ನಡ ಮಾಸ್ತರ

ನಾನು ಯಾದಗಿರಿಯ ಒಂದು ಸರ್ಕಾರಿ ಶಾಲೆಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಕನ್ನಡ ಕಲಿಸಿದೆ. ಆಗ ನನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಈ ಎರಡು ಮಾತನ್ನು ಒಟ್ಟಿಗೆ ಹೇಳುವ ಧೈರ್ಯ ಬರಲು ನನಗೆ ಎಪ್ಪತ್ತು ದಾಟಬೇಕಾಯಿತು. ನಗುವವರು ನಗಲಿ. ಆದರೆ ಇದು ಹೇಗಾಯಿತು ಎಂದು ಮೊದಲು ಕೇಳಿಸಿಕೊಂಡು ಆಮೇಲೆ ನಗಲಿ, ಇಲ್ಲದಿದ್ದರೆ ನನಗೆ ಸಿಟ್ಟು ಬರುತ್ತದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಹಾಗೆ ಹೇಳಿದಾಗಲೂ ಬರುತ್ತದೆ.

ನಮ್ಮದು ಶಹಾಪುರದ ಹತ್ತಿರದ ಒಕ್ಕಲುತನದ ಮನೆ. ಮನೆಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ, ಎತ್ತಿಗೆ ಬೈಯುವುದು ಕನ್ನಡ, ಶರಣಪ್ಪ ದೇವರಿಗೆ ಕೈಮುಗಿದು ಬೇಡಿಕೊಳ್ಳುವುದೂ ಕನ್ನಡ. ಶಾಲೆಯ ಹೊಸ್ತಿಲು ದಾಟಿದರೆ ಮಾತ್ರ ಉರ್ದು. ನಿಜಾಮರ ಕಾಲದಲ್ಲಿ ಶಾಲೆಯೆಂದರೆ ಹಾಗೆಯೇ ಇತ್ತು. ಭೂಗೋಳ ಉರ್ದು, ಲೆಕ್ಕ ಉರ್ದು, ಕಿವಿ ಹಿಂಡುವಾಗ ಬೀಳುತ್ತಿದ್ದ ಬೈಗುಳವೂ ಉರ್ದು. ನಾನು ಜಾಣನಿದ್ದೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಒಮ್ಮೆ ಕೇಳಿದ್ದು ಮರೆಯುತ್ತಿರಲಿಲ್ಲ. ಮೆಟ್ರಿಕ್ ಮುಗಿಸಿ, ಯಾದಗಿರಿಯಲ್ಲಿ ಮಾಸ್ತರನಾದೆ. ಉರ್ದುವಿನಲ್ಲಿ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದೆ. ಕನ್ನಡ ಮಾತಾಡಲು ಮಾತ್ರ ಇತ್ತು. ಮಾತಾಡುವುದನ್ನು ಬರೆಯಬೇಕೇಕೆ ಎಂದು ನಮ್ಮಲ್ಲಿ ಯಾರೂ ಕೇಳಿಕೊಂಡಿರಲೇ ಇಲ್ಲ.

ಆಮೇಲೆ ನಿಜಾಮರು ಹೋದರು, ಹಲವು ಕಡೆ ಹಂಚಿಹೋಗಿದ್ದ ಕನ್ನಡದ ಊರುಗಳೆಲ್ಲ ಒಂದೇ ರಾಜ್ಯವಾದವು. ನಾವೂ ಮೆರವಣಿಗೆ ಮಾಡಿದೆವು. ಎಲ್ಲರಿಗಿಂತ ಮುಂದೆ ನಿಂತು ಕನ್ನಡಕ್ಕೆ ಜೈ ಎಂದು ಕೂಗಿದವನು ನಾನೇ. ಘೋಷಣೆ ಬರೆದ ಬಟ್ಟೆಯನ್ನು ತಲೆಕೆಳಗಾಗಿ ಹಿಡಿದಿದ್ದೇನೆಂದು ಯಾರೋ ಬಂದು ಸರಿಮಾಡಿದರು. ಗದ್ದಲದಲ್ಲಿ ಅದು ಮರೆತುಹೋಯಿತು.

ಕೆಲ ತಿಂಗಳಿಗೆ ಶಾಲೆಗೊಂದು ಕಾಗದ ಬಂತು. ಇನ್ನು ಮೇಲೆ ಪಾಠ ಕನ್ನಡದಲ್ಲಿ ನಡೆಯಬೇಕು, ಕನ್ನಡ ಓದು ಬರಹ ಬಾರದ ಮಾಸ್ತರರನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಅದರ ಸಾರಾಂಶ. ನಮ್ಮ ಹೆಡ್ ಮಾಸ್ತರರು ಉರ್ದು ಮನೆಮಾತಿನ ಹಿರಿಯರು. ಯಾದಗಿರಿಯ ಬೇಸಿಗೆಯಲ್ಲೂ ಶೇರ್ವಾನಿಯ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕಿಕೊಂಡು ಕೂರುತ್ತಿದ್ದರು. ಅವರಿಗೆ ನಿವೃತ್ತಿ ಹತ್ತಿರ ಬಂದಿದ್ದರಿಂದ ಆ ಕಾಗದದ ಭಯವಿರಲಿಲ್ಲ. ನನ್ನನ್ನು ಕರೆದರು.

"ಮಿಯಾಂ, ನೀ ಮನ್ಯಾಗ ಯಾವ ಮಾತ್ ಆಡ್ತಿ?"

"ಕನ್ನಡ್ರಿ ಸಾಹೇಬ್ರ."

"ಬಸ್. ನಾಳಿಂದ ನಾಕನೇ ಕ್ಲಾಸಿಗಿ ಕನ್ನಡ ನೀನೇ ಕಲಸು. ಇಲ್ಲಿ ದಸ್ತಖತ್ ಮಾಡು."

ನನಗೆ ಓದಲು ಬರುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಪಕ್ಕದಲ್ಲಿ ಇನ್ನಿಬ್ಬರು ಮಾಸ್ತರರು ನಿಂತಿದ್ದರು. ಅವರೆದುರು ಹೇಳಿಕೊಳ್ಳಲು ನನ್ನ ಜಂಬ ಬಿಡಲಿಲ್ಲ. ಅವರು ಮುಂದಿಟ್ಟ ಕಾಗದದಲ್ಲಿ, ನನಗೆ ಕನ್ನಡ ಓದು ಬರಹ ಚೆನ್ನಾಗಿ ಬರುತ್ತದೆ ಎಂಬ ಒಪ್ಪಿಗೆ ಇತ್ತಂತೆ. ಅದರ ಕೆಳಗೆ ನಾನು ಉರ್ದುವಿನಲ್ಲಿ ಸಹಿ ಮಾಡಿದೆ. ನನ್ನ ಸಹಿ ನಿಜವೆಂದು ಹೆಡ್ ಮಾಸ್ತರರು ಅದರ ಕೆಳಗೆ ಉರ್ದುವಿನಲ್ಲಿ ಬರೆದರು. ಅದು ಗುಲ್ಬರ್ಗಕ್ಕೆ ಹೋಗಿ ಫೈಲಿನಲ್ಲಿ ಸೇರಿತು. ಅಲ್ಲಿ ಯಾರಿಗೂ ಏನೂ ಅನಿಸಿದಂತೆ ಕಾಣಲಿಲ್ಲ.

ಇನ್ನೊಂದು ಇಕ್ಕಟ್ಟು ಮನೆಯಲ್ಲಿತ್ತು. ಅದೇ ವರ್ಷ ನನ್ನ ಮದುವೆಯಾಗಿತ್ತು. ಹೆಂಡತಿ ಭೀಮಾ ನದಿಯ ಆಚೆ, ಸಿಂದಗಿ ಕಡೆಯವಳು. ಆ ಕಡೆ ಮುಂಬೈ ಸರ್ಕಾರವಿದ್ದದ್ದರಿಂದ ಕನ್ನಡ ಶಾಲೆಗಳಿದ್ದವು. ನನ್ನ ಮಾವನೇ ಕನ್ನಡ ಶಾಲೆಯ ಮಾಸ್ತರ. ಮಗಳಿಗೆ ಏಳನೆಯ ತರಗತಿಯವರೆಗೆ ಓದಿಸಿ, ಅಳಿಯನೂ ಮಾಸ್ತರನೇ ಇರಬೇಕೆಂದು ಹುಡುಕಿ ನನಗೆ ಕೊಟ್ಟಿದ್ದ. ಮದುವೆಯ ಮಾತುಕತೆಯಲ್ಲಿ ಹೊಲ ಕೇಳಿದರು, ಎತ್ತು ಕೇಳಿದರು, ನನ್ನ ಹಲ್ಲಿನವರೆಗೆ ಕೇಳಿದರು. ಕನ್ನಡದ ವರನಿಗೆ ಕನ್ನಡ ಓದಲು ಬರುತ್ತದೆಯೇ ಎಂದು ಯಾರು ಕೇಳುತ್ತಾರೆ?

ಮದುವೆಯಾದ ಎರಡು ತಿಂಗಳಿಗೆ ಮಾವನ ಪತ್ರ ಬಂತು, ನನ್ನ ಹೆಸರಿಗೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನಾನು ಪತ್ರ ಬಿಡಿಸಿ, ಗಂಭೀರವಾಗಿ ಮೇಲಿನಿಂದ ಕೆಳಗೆ ಕಣ್ಣಾಡಿಸಿ, ನಡುವೆ ಒಂದು ಕಡೆ ಸ್ವಲ್ಪ ನಕ್ಕು, ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡೆ.

"ಏನ್ ಬರದಾರ್ರಿ ಅಪ್ಪ?"

"ಎಲ್ಲಾರೂ ಆರಾಮ ಅದಾರಂತ."

"ಆಯಿ?" ಎಂದಳು. ಆಯಿ ಎಂದರೆ ಅವಳ ಅಜ್ಜಿ, ಅವಳನ್ನು ಎತ್ತಿ ಆಡಿಸಿದವಳು.

"ಆಯೀನೂ ಆರಾಮ. ಓಡ್ಯಾಡಕತ್ತಾಳಂತ."

ಅವಳು ತಲೆಯಾಡಿಸಿ ಒಳಗೆ ಹೋದಳು. ಎಷ್ಟು ಚೆನ್ನಾಗಿ ಪಾರಾದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಈಗ ನಾಲ್ಕನೆಯ ತರಗತಿಯ ವಿಷಯ. ಸ್ಟೇಷನ್ನಿನ ಕಡೆಯ ಶಾಲೆಯಾದ್ದರಿಂದ ಅಲ್ಲಿಗೆ ಬಾರದ ಜಾತಿಯಿಲ್ಲ, ಕೇಳದ ಭಾಷೆಯಿಲ್ಲ. ಒಕ್ಕಲಿಗರ, ಕುರಿ ಕಾಯುವವರ ಮಕ್ಕಳು ಕನ್ನಡ. ಕೋಟೆಯ ಕೆಳಗಿನ ಓಣಿಗಳಿಂದ ಬರುವವರು ಉರ್ದು. ರೈಲ್ವೆಯವರ ಮಕ್ಕಳು, ಗುರುಮಠಕಲ್ ಕಡೆಯಿಂದ ಬಂದವರು ತೆಲುಗು. ತಾಂಡಾದ ಮಕ್ಕಳಿಗೆ ಅವರದೇ ಮಾತು. ಬಟ್ಟೆ ಅಂಗಡಿಯ ಮಾರವಾಡಿ ಹುಡುಗ ಎಲ್ಲ ಭಾಷೆಯಲ್ಲೂ ಮಾತಾಡುತ್ತಿದ್ದ, ಯಾವುದರಲ್ಲೂ ಪಾಠ ಒಪ್ಪಿಸುತ್ತಿರಲಿಲ್ಲ. ಕೂತುಕೊಳ್ಳಿ ಎನ್ನಬೇಕಾದರೆ ಮೊದಲು "ಕುಂದರ್ರಿ" ಎನ್ನಬೇಕು, ಆಮೇಲೆ "ಬೈಠೋ", ಆಮೇಲೆ "ಕೂರ್ಚೋಂಡಿ", ತಾಂಡಾದವರಿಗೆ ಕೈಸನ್ನೆ. ಕೊನೆಯ ಸಾಲು ಕೂರುವ ಹೊತ್ತಿಗೆ ಮೊದಲನೆಯ ಸಾಲಿಗೆ ಬೇಸರ ಬಂದು ಎದ್ದು ನಿಂತಿರುತ್ತಿತ್ತು. ಆದರೂ ಈ ಗದ್ದಲ ನನಗೆ ಹಿಡಿಸುತ್ತಿತ್ತು. ತಾಂಡಾದವರ ಮಾತೊಂದು ಬಿಟ್ಟು ನಾನು ಎಲ್ಲರ ಭಾಷೆಯಲ್ಲೂ ಜಗಳಾಡಬಲ್ಲವನು. ಮಕ್ಕಳಿಗೆ ಅದಕ್ಕಿಂತ ಹೆಚ್ಚು ಇನ್ನೇನು ಬೇಕು?

ಆದರೆ ಪುಸ್ತಕವಿತ್ತಲ್ಲ. ಕೆಂಪು ರಟ್ಟಿನ ಕನ್ನಡ ಪುಸ್ತಕ. ಇನ್ನೂ ನಾಚಿಕೆಯ ಮಾತೆಂದರೆ, ಕೆಳಗಿನ ತರಗತಿಗಳಲ್ಲಿ ಎರಡು ವರ್ಷದಿಂದ ಕನ್ನಡ ಅಕ್ಷರ ಕಲಿಸುತ್ತಿದ್ದರು. ಅಂದರೆ ಆ ಕೋಣೆಯಲ್ಲಿ ಕೆಲವು ಮಕ್ಕಳಿಗೆ ತಡವರಿಸಿಯಾದರೂ ಓದಲು ಬರುತ್ತಿತ್ತು. ಓದಲು ಒಂದಕ್ಷರವೂ ಬಾರದವನು ಕುರ್ಚಿಯ ಮೇಲೆ ಕೂತ ನಾನೊಬ್ಬನೇ.

ನನಗೊಂದು ಉಪಾಯ ಹೊಳೆಯಿತು. ಆಗ ಅದು ಬಹಳ ಜಾಣತನವೆಂದು ತೋರಿತ್ತು. ಮರುದಿನ ಮುಂಜಾನೆ ರೊಟ್ಟಿಯ ಕೆಲಸ ಮುಗಿದ ಮೇಲೆ ಹೆಂಡತಿಯನ್ನು ಕರೆದು ಪುಸ್ತಕ ಕೈಗೆ ಕೊಟ್ಟೆ.

"ನಿಮ್ ಕಡಿ ಸಾಲ್ಯಾಗ ಹ್ಯಾಂಗ ಕಲಿಸ್ಯಾರ ನೋಡೂಣು. ಈ ಪಾಠ ಓದು. ತಪ್ಪಿದ್ರ ಹೇಳ್ತೀನಿ."

ಅವಳು ನನ್ನ ಮುಖ ನೋಡಿದಳು. ಏನೋ ಹೇಳಹೊರಟವಳು ಸುಮ್ಮನಾಗಿ, ನನ್ನ ಮಗ್ಗುಲಲ್ಲಿ ಚಾಪೆಯ ಮೇಲೆ ಕೂತು ಓದಿದಳು. ನಾನು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ದೊಡ್ಡ ಪಂಡಿತನ ಹಾಗೆ ಕೇಳಿದೆ. ಎರಡು ಸಲ ಓದಿಸಿದರೆ ಪಾಠ ನನ್ನ ತಲೆಯಲ್ಲಿ ಅಚ್ಚಾಗುತ್ತಿತ್ತು. ಕೊನೆಗೆ ಕಣ್ಣು ತೆರೆದು, "ಪರವಾಗಿಲ್ಲ. ಇನ್ನೂ ಸುಧಾರಿಸ್ಬೇಕು" ಎನ್ನುತ್ತಿದ್ದೆ. ಅವಳು "ಹೂಂ ರಿ" ಎಂದು ಎದ್ದು ಹೋಗುತ್ತಿದ್ದಳು. ದಿನ ಕಳೆದ ಹಾಗೆ ಇನ್ನೂ ನಿಧಾನವಾಗಿ ಓದತೊಡಗಿದಳು, ಒಂದೊಂದು ಅಕ್ಷರವನ್ನು ಬಿಡಿಸಿ ಬಿಡಿಸಿ. ಸುಧಾರಿಸುವ ಬದಲು ಕೆಡುತ್ತಿದ್ದಾಳೆ ಎಂದು ನನಗೆ ಸಿಟ್ಟೇ ಬರುತ್ತಿತ್ತು.

ಶಾಲೆಯಲ್ಲಿ ಪಾಠವನ್ನು ಅಭಿನಯದೊಂದಿಗೆ ಹೇಳುತ್ತಿದ್ದೆ. ಪುಸ್ತಕ ಕೈಯಲ್ಲಿ ಬಿಚ್ಚಿದ್ದರೂ ಅದರ ಕಡೆ ನೋಡುತ್ತಿರಲಿಲ್ಲ. ನಾನು ಒಂದು ಸಾಲು ಹೇಳಬೇಕು, ಮಕ್ಕಳು ರಾಗವಾಗಿ ಅದನ್ನೇ ಕೂಗಬೇಕು. ನಾನು ಉರ್ದು ಕಲಿತದ್ದೂ ಹೀಗೆಯೇ. ಸಾಲು ಮುಗಿದ ಮೇಲೆ ಮೂರೂ ಭಾಷೆಯಲ್ಲಿ ಅರ್ಥ ಬಿಡಿಸಿ ಹೇಳುತ್ತಿದ್ದೆ. ಹಲಗೆಯ ಮೇಲೆ ಬರೆಯುವ ಕೆಲಸ ಬಂದರೆ, "ನಿಮ್ಮ ಅಕ್ಷರ ಹ್ಯಾಂಗ ಅದಾವ ನೋಡೂಣು" ಎಂದು ಮಕ್ಕಳನ್ನೇ ಕರೆಯುತ್ತಿದ್ದೆ. ಬರೆದದ್ದನ್ನು ದೂರ ನಿಂತು, ತಲೆ ಓರೆಮಾಡಿ ನೋಡಿ, "ಗುಂಡಾಗಿ ಬರೀಬೇಕು" ಎನ್ನುತ್ತಿದ್ದೆ. ಕನ್ನಡ ಅಕ್ಷರಕ್ಕೆ ಈ ಮಾತು ಯಾವಾಗ ಹೇಳಿದರೂ ಸಲ್ಲುತ್ತದೆ.

ಹೀಗೆ ಎಂಟು ತಿಂಗಳು ಕಳೆದವು. ಮಕ್ಕಳು ಇಡೀ ಪುಸ್ತಕವನ್ನು ಬಾಯಿಪಾಠ ಹೇಳುತ್ತಿದ್ದರು. ತೆಲುಗು ಮಕ್ಕಳೂ ಹೇಳುತ್ತಿದ್ದರು, ಮಾರವಾಡಿ ಹುಡುಗನೂ ಅರ್ಧ ಹೇಳುತ್ತಿದ್ದ. ಹೆಡ್ ಮಾಸ್ತರರು ವರಾಂಡದಲ್ಲಿ ನಿಂತು ಕೇಳಿ, "ಶಾಬಾಶ್" ಎನ್ನುತ್ತಿದ್ದರು. ನನಗೂ ನಾನು ಕನ್ನಡ ಕಲಿಸುತ್ತಿದ್ದೇನೆ ಎಂದೇ ನಂಬಿಕೆ ಬಂದುಬಿಟ್ಟಿತ್ತು.

ಆಗ ಇನ್‌ಸ್ಪೆಕ್ಟರು ಬರುವ ಸುದ್ದಿ ಹರಡಿತು. ಮೈಸೂರು ಕಡೆಯವರು, ಬಿಳಿ ಕೋಟಿನವರು, ನಗದವರು. ಸುರಪುರದಿಂದ ತನಿಖೆ ಶುರುಮಾಡಿದ್ದರು. ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತು. ಸುರಪುರದಲ್ಲಿ ಅವರು ಒಬ್ಬ ಮಾಸ್ತರರಿಗೆ, "ಸ್ವಲ್ಪ ಗಟ್ಟಿಯಾಗಿ ಓದಿ" ಎಂದಿದ್ದರಂತೆ. ಬಸ್ಸು ಶಹಾಪುರಕ್ಕೆ ಬರುವ ಹೊತ್ತಿಗೆ ಆ ಮಾಸ್ತರರ ಕೆಲಸ ಹೋಗಿತ್ತು. ಯಾದಗಿರಿಯಲ್ಲಿ ಇಳಿಯುವಾಗ ಕೆಲಸ ಕಳೆದುಕೊಂಡವರು ಮೂವರಾಗಿದ್ದರು, ಒಬ್ಬರನ್ನು ಪೊಲೀಸರು ಹಿಡಿದೊಯ್ದಿದ್ದರು. ನಂಬಬಾರದೆಂದು ಗೊತ್ತಿದ್ದರೂ ನಾನು ಮೂರನ್ನೂ ನಂಬಿದೆ.

ಅವರು ಬಂದ ದಿನ ನಾನು ಒಗೆದ ಧೋತರ ಉಟ್ಟು, ಬಾವಿಗೆ ಬಿದ್ದ ಕರುವಿನ ಪಾಠವನ್ನು ಆರಿಸಿಕೊಂಡಿದ್ದೆ. ಅದು ನನಗೆ ನಿದ್ದೆಯಲ್ಲೂ ಬರುತ್ತಿತ್ತು. ಇನ್‌ಸ್ಪೆಕ್ಟರು ಹೆಡ್ ಮಾಸ್ತರರೊಂದಿಗೆ ಬಂದು, ಹಿಂದಿನ ಗೋಡೆಗೆ ಒರಗಿ ನಿಂತರು.

"ನಡೆಸಿ ಮೇಷ್ಟ್ರೇ."

ಶುರುಮಾಡಿದೆ. ಕರು ಹುಲ್ಲು ಮೇಯುತ್ತಾ ಬಂತು. ಮಕ್ಕಳು ಕೂಗಿದರು. ಬಾವಿಯ ದಂಡೆಗೆ ಬಂತು. ಕೂಗಿದರು. ದನಿ ಎತ್ತಿ, ಕೈ ಬೀಸಿ, ಕರು ಬಿದ್ದದ್ದನ್ನು ಹೇಳಿದೆ. ಹೆಡ್ ಮಾಸ್ತರರ ಮುಖ ಅರಳಿತ್ತು. ಆ ಜಾಗದಲ್ಲಿ ಹಾಳೆ ತಿರುವಬೇಕೆಂದು ನನಗೆ ನೆನಪಿತ್ತು, ಯಾಕೆಂದರೆ ಹೆಂಡತಿ ಅಲ್ಲಿ ಪ್ರತಿಸಲ ಹಾಳೆ ತಿರುವುವ ಸದ್ದು ಕೇಳಿಸುತ್ತಿತ್ತು. "ಹಾಳಿ ತಿರವ್ರಿ" ಎಂದು ಜೋರಾಗಿ ಹೇಳಿ, ನಾನೂ ತಿರುವಿದೆ. ಮಕ್ಕಳೆಲ್ಲ ನನ್ನ ಹಾಗೆಯೇ ಒಮ್ಮೆಲೇ ತಿರುವಿದರು. ಪಾಠ ಮುಂದುವರಿಯಿತು.

ಇನ್‌ಸ್ಪೆಕ್ಟರು ಹಿಂದಿನ ಬೆಂಚಿನ ಹುಡುಗಿಯ ಪುಸ್ತಕಕ್ಕೆ ಬಗ್ಗಿದರು. ಪಕ್ಕದವಳ ಪುಸ್ತಕಕ್ಕೆ ಬಗ್ಗಿದರು. ಆಮೇಲೆ ಇಡೀ ಸಾಲನ್ನು ನೋಡುತ್ತಾ ನನ್ನ ಬಳಿ ಬಂದು ನಿಂತರು.

"ಮೇಷ್ಟ್ರೇ, ಕರು ಬಾವಿಗೆ ಬಿತ್ತು. ಸರಿ. ನೀವೆಲ್ಲರೂ ರೈಲಿನ ಚಿತ್ರ ಯಾಕೆ ನೋಡುತ್ತಿದ್ದೀರಿ?"

ಕೈಯಲ್ಲಿದ್ದ ಪುಸ್ತಕ ನೋಡಿದೆ. ಹೌದು, ರೈಲು. ಹಿಂದಿನ ಪಾಠದ ರೈಲು, ಹೊಗೆ ಬಿಡುತ್ತಾ ನಿಂತಿತ್ತು. ಉರ್ದು ಪುಸ್ತಕ ಬಲಗಡೆಯಿಂದ ಶುರುವಾಗುತ್ತದೆ. ಎಡಗಡೆಯ ಹಾಳೆಯನ್ನು ಎತ್ತಿ ಬಲಕ್ಕೆ ಹಾಕಿದರೆ ಮುಂದೆ ಹೋಗುತ್ತೇವೆ. ಹುಟ್ಟಾ ಹಾಗೆಯೇ ತಿರುವಿದ ಕೈ ನನ್ನದು. ಎಂಟು ತಿಂಗಳೂ ನಾನು ಬಾಯಲ್ಲಿ ಪುಸ್ತಕದ ಮುಂದಕ್ಕೆ ಹೋಗುತ್ತಾ ಕೈಯಲ್ಲಿ ಹಿಂದಕ್ಕೆ ಹೋಗಿದ್ದೆ. ಮಾಸ್ತರ ತಿರುವಿದ ಹಾಗೆ ತಿರುವಬೇಕೆಂದು ಮಕ್ಕಳೂ ನನ್ನ ಬೆನ್ನಹಿಂದೆಯೇ ಬಂದಿದ್ದರು.

ಇನ್‌ಸ್ಪೆಕ್ಟರು ನನ್ನ ಪುಸ್ತಕ ತೆಗೆದುಕೊಂಡು, ಎಲ್ಲೋ ಒಂದು ಕಡೆ ಬಿಚ್ಚಿ, ಬೆರಳಿಟ್ಟು ಕೊಟ್ಟರು. "ಇಲ್ಲಿಂದ ಒಂದು ಸಾಲು ಓದಿ."

ಆ ಅಕ್ಷರಗಳು ಇವತ್ತಿಗೂ ಕಣ್ಣಿಗೆ ಕಟ್ಟಿವೆ. ಸಾಲಾಗಿ ಕೂತಿದ್ದವು, ಒಂದಾದರೂ ನನಗೆ ತನ್ನ ಪರಿಚಯ ಹೇಳಲಿಲ್ಲ. ಮಕ್ಕಳ ಕಣ್ಣೆಲ್ಲ ನನ್ನ ಮೇಲೆ. ಸುಳ್ಳು ಹೇಳಲು ನನ್ನ ಹತ್ತಿರ ಇನ್ನೇನೂ ಉಳಿದಿರಲಿಲ್ಲ.

"ನನಗ ಓದಾಕ ಬರಂಗಿಲ್ರಿ ಸಾಹೇಬ್ರ," ಎಂದೆ.

ಹೆಡ್ ಮಾಸ್ತರರು "ಯಾ ಅಲ್ಲಾ" ಎಂದು ನನ್ನ ಕುರ್ಚಿಯಲ್ಲಿ ಕೂತುಬಿಟ್ಟರು.

"ಬರುವುದಿಲ್ಲವೇ? ಹಾಗಾದರೆ ವರ್ಷವಿಡೀ ಏನು ಕಲಿಸಿದಿರಿ?"

"ಎಲ್ಲಾ ಕಲಿಸೀನ್ರಿ. ಓದೂದೊಂದು ಬಿಟ್ಟು."

ಇದನ್ನು ನಾನು ಅಹಂಕಾರದಿಂದ ಹೇಳಲಿಲ್ಲ. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆ. ಅವರು ನನ್ನನ್ನು ಸರಿಸಿ, ತಾವೇ ಮಕ್ಕಳ ಕಡೆ ತಿರುಗಿ, ಕರು ಬಾವಿಗೆ ಏಕೆ ಬಿತ್ತೆಂದು ಬಹಳ ನಯವಾಗಿ ಕೇಳಿದರು. ಒಬ್ಬರೂ ಸೊಲ್ಲೆತ್ತಲಿಲ್ಲ. ಅಷ್ಟು ನಯವಾಗಿ ಮಾತಾಡುವ ದೊಡ್ಡವರನ್ನು ನಮ್ಮ ಮಕ್ಕಳು ನೋಡಿರಲಿಲ್ಲ, ಹೆದರಿಬಿಟ್ಟಿದ್ದರು. ಇನ್‌ಸ್ಪೆಕ್ಟರು ಎರಡು ಸಲ ಕೇಳಿದರು. ನನಗೆ ತಡೆಯಲಾಗಲಿಲ್ಲ. ನೌಕರಿ ಹೋಗಿಯೇ ಹೋಗುತ್ತದೆ, ಆದರೆ ನನ್ನ ಮಕ್ಕಳು ದಡ್ಡರೆನಿಸಿಕೊಳ್ಳುವುದು ಬೇಡ.

"ಯಾಕ ಬಾಯಾಗ ಮಣ್ಣ ಹಾಕ್ಕೊಂಡೀರೇನು? ಕರು ಯಾಕ ಬಿತ್ತು, ಹೇಳ್ರಿ!" ಎಂದು ಗದರಿ, ಅದನ್ನೇ ಉರ್ದುವಿನಲ್ಲಿ, ತೆಲುಗಿನಲ್ಲಿ ಗದರಿದೆ.

ಕಟ್ಟೆ ಒಡೆದ ಹಾಗಾಯಿತು. ಬಾವಿಗೆ ಕಟ್ಟೆ ಇರಲಿಲ್ಲ, ಅದಕ್ಕೇ ಬಿತ್ತು ಎಂದಿತು ಒಂದು ಕೂಸು. ಕರು ಬಿಟ್ಟವರದೇ ತಪ್ಪು ಎಂದು ಕುರಿ ಕಾಯುವವರ ಮಗ ಎದ್ದ. ನಮ್ಮ ಮನೆಯಲ್ಲಿ ಹಾಗೆ ಬಿಟ್ಟರೆ ಅಪ್ಪ ಕಾಲು ಮುರಿಯುತ್ತಾನೆ ಎಂದ. ಗುರುಮಠಕಲ್ಲಿನ ಹುಡುಗಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಕರುವಿನ ತಾಯಿ ಎಲ್ಲಿ ಹೋಗಿತ್ತು ಎಂದು ಕೇಳಿದಳು. ಬಾವಿಯ ಮಾಲೀಕನನ್ನು ಪಂಚಾಯ್ತಿಗೆ ಕರೆಯಬೇಕೆಂದು ಉರ್ದು ಸಾಲು ತೀರ್ಮಾನಿಸಿತು. ಬಾವಿಯ ಮಾಲೀಕನ ಪರವಾಗಿ ಯಾರೂ ಇಲ್ಲದ್ದನ್ನು ನೋಡಿ ಮಾರವಾಡಿ ಹುಡುಗ ತಾನೇ ಎದ್ದು ವಾದಿಸಿದ. ನಾನು ಒಂದು ಸಾಲಿನ ಮಾತನ್ನು ಇನ್ನೊಂದು ಸಾಲಿಗೆ ದಾಟಿಸುತ್ತಾ, ಜಗಳ ಬಿಡಿಸುತ್ತಾ, ಇನ್‌ಸ್ಪೆಕ್ಟರು ಇರುವುದನ್ನೇ ಮರೆತೆ.

ಅವರು ಬಹಳ ಹೊತ್ತು ಕೇಳಿ, ಏನೇನೋ ಬರೆದುಕೊಂಡರು. ನಗಲಿಲ್ಲ. ಹೊರಡುವ ಮುಂಚೆ ನನ್ನನ್ನು ವರಾಂಡಕ್ಕೆ ಕರೆದರು.

"ಮಕ್ಕಳ ಬಾಯಿ ಬಿಡಿಸಿದ್ದೀರಿ. ಅಕ್ಷರ ಕಲಿಸಿಲ್ಲ. ಮಾಡಿದ್ದು ಮೋಸ. ನೋಟೀಸು ಕೊಡುತ್ತೇನೆ. ಮೂರು ತಿಂಗಳಿಗೆ ಶಹಾಪುರದಲ್ಲಿ ಪರೀಕ್ಷೆ. ಪಾಸಾದರೆ ಕೆಲಸ ಉಳಿಯಬಹುದು. ಇಲ್ಲದಿದ್ದರೆ ಊರಿಗೆ ಹೋಗಿ ಹೊಲ ನೋಡಿಕೊಳ್ಳಿ."

ಮನೆಗೆ ಬರುವ ದಾರಿ ಅವತ್ತು ಬಹಳ ಉದ್ದವಾಗಿತ್ತು. ಕೆಲಸದ ಚಿಂತೆ ಒಂದು ಕಡೆ. ಅದಕ್ಕಿಂತ ದೊಡ್ಡದು, ಹೆಂಡತಿಗೆ ಹೇಗೆ ಹೇಳುವುದು? ಅವಳು ಅಕ್ಕಿ ಆರಿಸುತ್ತಾ ಕೂತಿದ್ದಳು. ನಿಂತಲ್ಲೇ ಒಂದೇ ಉಸಿರಿಗೆ ಹೇಳಿದೆ. ನನಗೆ ಓದಲು ಬರುವುದಿಲ್ಲ, ನಿನಗೆ ಸುಳ್ಳು ಹೇಳಿದೆ, ಕೆಲಸ ಹೋಗಬಹುದು.

ಅವಳು ಕೈ ನಿಲ್ಲಿಸಲಿಲ್ಲ. "ಓದಾಕ ಬರಂಗಿಲ್ಲ ಅಂತ ನನಗ ಗೊತ್ತೈತ್ರಿ."

"ಯಾವಾಗಿಂದ?"

"ಅಪ್ಪನ ಪತ್ರ ಬಂದಾಗಿಂದ. ಅಂಗಿ ಒಗಿಯಾಕ ಹಾಕಿದ್ರಿ, ಜೇಬಿನ್ಯಾಗ ಸಿಕ್ತು. ಆಯಿ ಮೆಟ್ಟಲದ ಮ್ಯಾಲಿಂದ ಬಿದ್ದು ಕಾಲು ಮುರಕೊಂಡಾಳ, ಮಗಳನ್ನ ಕಳಸಿಕೊಡ್ರಿ ಅಂತ ಬರದಿದ್ರು. ನೀವು ಓಡ್ಯಾಡಕತ್ತಾಳ ಅಂದ್ರಿ."

ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಆ ಸಲ ಅವಳು ಏನೋ ಹರಕೆಯ ನೆಪ ಹೇಳಿ ಎಂಟು ದಿನ ತವರಿಗೆ ಹೋಗಿಬಂದಿದ್ದಳು. ನಾನು ಹರಕೆ ಎಂದೇ ನಂಬಿ, ಕಾಯಿ ಕೊಟ್ಟು ಕಳಿಸಿದ್ದೆ.

"ಮತ್ತ ಯಾಕ ಒಂದ್ ಮಾತೂ ಅನಲಿಲ್ಲ?"

"ಅಂದ್ರ ನಿಮಗ ಸಿಟ್ಟು ಬರತೈತಿ. ಆಮ್ಯಾಲ ಪುಸ್ತಕ ತಂದು ಓದು ಅಂದ್ರಿ. ಹೋಗ್ಲಿ ಬಿಡು, ಕೇಳಾಕ ನಾಚಿಕಿ, ಹಿಂಗ ಕಲೀತಾರ ಅಂತ ತಿಳಕೊಂಡೆ." ಈಗ ಅವಳು ಮೊರವನ್ನು ಕೆಳಗಿಟ್ಟಳು. "ಕಲಿಯಾಕತ್ತಿಲ್ಲೇನು ನೀವು?"

"ಬಾಯಿಪಾಠ ಮಾಡಕತ್ತಿದ್ದೆ."

"ಎಂಟು ತಿಂಗಳು ದಿನಾ ಮಗ್ಗಲದಾಗ ಕುಂತು, ನಿಮಗ ಕಾಣಲಿ ಅಂತ ಒಂದೊಂದು ಅಕ್ಷರಕ್ಕ ಬೆರಳು ಇಟ್ಟು ಓದೀನಿ. ನೀವು ಏನ್ ಮಾಡಕತ್ತಿದ್ರಿ?"

"ಕಣ್ಣು ಮುಚ್ಚಿದ್ದೆ."

ಮದುವೆಯಾಗಿ ಒಂದು ವರ್ಷದಲ್ಲಿ ಅವಳ ಸಿಟ್ಟು ನಾನು ನೋಡಿರಲಿಲ್ಲ. ನನ್ನ ಸಿಟ್ಟು ಅದರ ಮುಂದೆ ಏನೂ ಅಲ್ಲ. ಸುಳ್ಳು ಹೇಳಿದ್ದಕ್ಕೆ ಅಲ್ಲ, ಕೆಲಸ ಹೋಗುವುದಕ್ಕೆ ಅಲ್ಲ, ಕಣ್ಣು ಮುಚ್ಚಿಕೊಂಡದ್ದಕ್ಕೆ ಬೈದಳು. ಬೈಯುತ್ತಾ ಅತ್ತಳು. ನಾನು ಚಾಪೆಯ ತುದಿಯಲ್ಲಿ ತಪ್ಪು ಮಾಡಿದ ಹುಡುಗನಂತೆ ಕೂತಿದ್ದೆ. ಸಂಜೆ ಅವಳೇ ಹೋಗಿ ಒಂದು ಪಾಟಿ, ಎರಡು ಬಳಪ ಕೊಂಡುತಂದಳು.

ಮುಂದಿನ ಮೂರು ತಿಂಗಳು ಆ ಮನೆ ನನ್ನ ಮಾವನ ಶಾಲೆಯಾಗಿತ್ತು. ಒಂದು ಅಕ್ಷರವನ್ನು ನೂರು ಸಲ ತಿದ್ದಿಸುವುದು ಮಾವನ ಪದ್ಧತಿ. ಮಗಳು ಅದರಲ್ಲಿ ಒಂದು ಸಲವೂ ಕಡಿಮೆ ಮಾಡಲಿಲ್ಲ. ತಿದ್ದದೆ ರೊಟ್ಟಿ ಇಲ್ಲ. ನಾನು ಪಾಟಿಯ ಬಲಗಡೆಯಿಂದ ಬರೆಯಲು ಹೋದಾಗಲೆಲ್ಲ ಮಣಿಕಟ್ಟು ಹಿಡಿದು ಎಡಕ್ಕೆ ತಂದಿಡುತ್ತಿದ್ದಳು. "ಪರವಾಗಿಲ್ಲ. ಇನ್ನೂ ಸುಧಾರಿಸ್ಬೇಕು" ಎಂದು ನನ್ನ ಮಾತನ್ನು ನನಗೇ ತಿರುಗಿಸಿ ಹೇಳುತ್ತಿದ್ದಳು. ಶಾಲೆಯಲ್ಲೂ ಮುಚ್ಚುಮರೆ ಮಾಡಲಿಲ್ಲ, ಮಾಡಲು ಏನೂ ಉಳಿದಿರಲಿಲ್ಲ. ನಾನೂ ನಿಮ್ಮ ಹಾಗೆ ಕಲಿಯುತ್ತಿದ್ದೇನೆ ಎಂದು ಮಕ್ಕಳಿಗೆ ಹೇಳಿದೆ. ಅವರಿಗೆ ಹಬ್ಬ ಬಂದ ಹಾಗಾಯಿತು. ಗುರುಮಠಕಲ್ಲಿನ ಹುಡುಗಿ ನನ್ನ ಉಕ್ತಲೇಖನ ತಿದ್ದಿ, ಏಳು ತಪ್ಪಿಗೆ ಏಳು ಬಸ್ಕಿ ಹೇಳಿದಳು. ಏಳೂ ಬಸ್ಕಿ ಹೊಡೆದೆ. ಬಾಗಿಲಲ್ಲಿ ಹೆಡ್ ಮಾಸ್ತರರು ನಿಂತು ಎಣಿಸುತ್ತಿದ್ದರು.

ಶಹಾಪುರದ ಪರೀಕ್ಷೆಗೆ ಸುತ್ತಲಿನ ಊರುಗಳಿಂದ ನನ್ನಂಥ ಮಾಸ್ತರರು ಸುಮಾರು ಜನ ಬಂದಿದ್ದರು. ಶೇರ್ವಾನಿಯವರು, ರುಮಾಲಿನವರು, ಮೊಮ್ಮಕ್ಕಳಿದ್ದವರು, ಎಲ್ಲರೂ ಮೊಣಕಾಲು ಎದೆಗೆ ತಾಗುವ ಹಾಗೆ ಎರಡನೆಯ ತರಗತಿಯ ಬೆಂಚುಗಳಲ್ಲಿ ಮಡಚಿಕೊಂಡು ಕೂತೆವು. ಕಕ್ಕೇರಾದಿಂದ ಬಂದ ಹಿರಿಯ ಮಾಸ್ತರರೊಬ್ಬರು ಮೂವತ್ತು ವರ್ಷ ಮಕ್ಕಳ ನಕಲು ಹಿಡಿದವರಂತೆ. ಅವರೇ ನನ್ನ ಹಾಳೆಯ ಕಡೆ ಕತ್ತು ಚಾಚಿ, "ತಮ್ಮಾ, ಒಂದೀಟು ಕೈ ತಗೀ" ಎಂದರು. ತೆಗೆದೆ. ಅದರಿಂದ ಅವರಿಗೇನಾದರೂ ಉಪಕಾರವಾಯಿತೆಂದು ನನಗನಿಸುವುದಿಲ್ಲ.

ಫಲಿತಾಂಶ ಬರಲು ಒಂದೂವರೆ ತಿಂಗಳು ಹಿಡಿಯಿತು. ಒಂದು ಭಾನುವಾರ ಮುಂಜಾನೆ ಶಾಲೆಯ ಜವಾನ ಲಕೋಟೆ ಹಿಡಿದು ಮನೆಗೇ ಬಂದ. ಹೆಡ್ ಮಾಸ್ತರರು ಬಿಚ್ಚಿ ನೋಡಿದರಂತೆ, ಕನ್ನಡದಲ್ಲಿದ್ದದ್ದರಿಂದ ಅವರಿಗೇನೂ ತಿಳಿಯಲಿಲ್ಲವಂತೆ. ಅದನ್ನು ಕೊಟ್ಟು ಅವನು ಹೋದ.

ಅಂಗಳದಲ್ಲಿ ನಿಂತು ಕಾಗದ ಬಿಡಿಸಿದೆ. ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ನನ್ನ ಹಿಂದೆ ನಿಂತಳು. ಅವಳಿಗೆ ಕೊಡಬೇಕೆಂದು ಕೈ ಹಿಂದೆ ಹೋಯಿತು. ಅವಳು ತೆಗೆದುಕೊಳ್ಳಲಿಲ್ಲ.

"ನೀವೇ ಓದ್ರಿ."

ಓದತೊಡಗಿದೆ. ಒಂದೊಂದು ಅಕ್ಷರಕ್ಕೆ ಬೆರಳಿಟ್ಟು, ಗಟ್ಟಿಯಾಗಿ. ಸರ್ಕಾರಿ ಕಾಗದ ಯಾವತ್ತಾದರೂ ನೇರ ಮಾತಾಡುತ್ತದೆಯೇ? "ತಮಗೆ... ಕನ್ನಡ... ಬರುವುದಿಲ್ಲವೆಂದು... ವರದಿಯಾದ್ದರಿಂದ..." ಬೆರಳು ಮುಂದೆ ಸರಿಸಿದೆ. "ತಮ್ಮನ್ನು... ಸೇವೆಯಿಂದ..." ಅಲ್ಲಿಗೆ ನಿಂತೆ. ಮುಂದಿನ ಶಬ್ದ "ತೆಗೆದುಹಾಕಲು" ಎಂದಿತ್ತು. ಮುಗಿಯಿತು ಅಂದುಕೊಂಡೆ. ಹೊಲ, ಎತ್ತು, ಮಾವನ ಮುಖ, ನಾಲ್ಕನೆಯ ತರಗತಿಯ ಬೆಂಚುಗಳು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಇನ್ನೂ ಎರಡು ಸಾಲು ಉಳಿದಿತ್ತು. ಓದದೆ ಬೇರೆ ದಾರಿಯಿರಲಿಲ್ಲ. "ನೀಡಿದ್ದ... ನೋಟೀಸನ್ನು... ತಾವು... ಪರೀಕ್ಷೆಯಲ್ಲಿ..." ಒಂದು ಒತ್ತಕ್ಷರಕ್ಕೆ ತಡವರಿಸಿದೆ. ಹಿಂದಕ್ಕೆ ಹೋಗಿ ಮತ್ತೆ ಕೂಡಿಸಿದೆ. "ತೇರ್ಗಡೆ... ಹೊಂದಿರುವುದರಿಂದ... ರದ್ದು... ಪಡಿಸಲಾಗಿದೆ."

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಇನ್ನೊಮ್ಮೆ ಕೊನೆಯ ಶಬ್ದಕ್ಕೆ ಬೆರಳಿಟ್ಟು ನೋಡಿದೆ. ಅದೇ ಇತ್ತು.

ತಿರುಗಿ ನೋಡಿದರೆ ಅವಳ ಕೆನ್ನೆ ಪೂರ್ತಿ ಒದ್ದೆಯಾಗಿತ್ತು. ನನ್ನ ಹೆಗಲ ಮೇಲಿಂದ ಆ ಕಾಗದವನ್ನು ಅವಳು ಒಂದೇ ನೋಟಕ್ಕೆ ಓದಿ ಮುಗಿಸಿದ್ದಳು. ನಾನು ಸ್ವಂತ ಓದಿ ಅಲ್ಲಿಗೆ ಬಂದು ಮುಟ್ಟುವವರೆಗೆ, ಬಾಯಿಗೆ ಸೆರಗು ಒತ್ತಿಕೊಂಡು ಕಾಯುತ್ತಾ ನಿಂತಿದ್ದಳು.